ಗುರುವಾರದ ಮಳೆ ನಕ್ಷೆ ನಂಬಬಹುದಾ? ಸಂಡಿಗೆ ಮಾಡುವವಳ ಅನುಭವ

ಪುಣೆಯ ಕೊಥ್ರೂಡ್‌ನಲ್ಲಿ ಮನೆಯಿಂದಲೇ ಸಂಡಿಗೆ, ಹಪ್ಪಳ ಮಾಡಿ ಮಾರುತ್ತೇನೆ. ಗಿರಾಕಿಗಳು ಹೆಚ್ಚಾಗಿ ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ಶಾಬಕ್ಕಿ ಸಂಡಿಗೆಗೆ ಮೂರು ದಿನ ಖಡಕ್ ಬಿಸಿಲು ಬೇಕೇ ಬೇಕು. ಒಂದು ಸಲ ಫೋನಿನಲ್ಲಿದ್ದ ಯಾವುದೋ ಆ್ಯಪ್ ಸಂಜೆವರೆಗೂ ಸೂರ್ಯನ ಚಿತ್ರ ತೋರಿಸುತ್ತಲೇ ಇತ್ತು, ಇಲ್ಲಿನವರು ವಳೀವ ಅನ್ನುವ ಗುಡುಗು ಮಳೆ ಮೂರೂವರೆಗೇ ಬಂದು ಮಾಳಿಗೆ ಮೇಲಿನ ಸಂಡಿಗೆಯೆಲ್ಲ ಮತ್ತೆ ಅಂಬಲಿ ಆಯಿತು. ಅವತ್ತೇ ಅದನ್ನು ಕಿತ್ತು ಹಾಕಿದೆ.

ಈಗ ನೋಡುವುದು ಹವಾಮಾನ ಇಲಾಖೆ ಗುರುವಾರ ಗುರುವಾರ ಕೊಡುವ ನಾಲ್ಕು ವಾರಗಳ ಮುನ್ಸೂಚನೆಯ ನಕ್ಷೆ. ಪುಕ್ಕಟೆ. ನಾಲ್ಕು ವಾರ ಮುಂದಿನದು ಹೇಗೆ ಹೇಳ್ತಾರೆ, ಸುಮ್ನೆ ಅಂತ ನನಗೂ ಅನಿಸಿತ್ತು. ಯಾವ ದಿನ ಎಷ್ಟು ಗಂಟೆಗೆ ಅಂತ ಅವರು ಹೇಳುವುದೇ ಇಲ್ಲ, ಅಲ್ಲೇ ಇರುವುದು ಗುಟ್ಟು. ಹಿಂದೂ ಮಹಾಸಾಗರದ ಮೇಲೆ ದೊಡ್ಡ ಮೋಡದ ಗುಂಪೊಂದು ಎದ್ದು ನಿಧಾನವಾಗಿ ಪೂರ್ವಕ್ಕೆ ಸರಿಯುತ್ತದೆ, ಆ ಸುತ್ತು ಮುಗಿಯಲು 30ರಿಂದ 60 ದಿನ ಬೇಕು. 1971ರಲ್ಲಿ ಇದನ್ನು ಗುರುತಿಸಿದ ವಿಜ್ಞಾನಿಗಳಾದ ಮ್ಯಾಡನ್ ಮತ್ತು ಜೂಲಿಯನ್ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ಅದು ಈಗ ಎಲ್ಲಿದೆ ಅಂತ ಗೊತ್ತಾದರೆ ಮುಂದಿನ ವಾರಗಳು ಒದ್ದೆಯೋ ಒಣವೋ ಅನ್ನುವುದಕ್ಕೆ ಒಂದು ಸುಳಿವು ಸಿಗುತ್ತದೆ.

ಈ ಮುನ್ಸೂಚನೆಗಾಗಿ ಸಮುದ್ರವನ್ನೂ ಗಾಳಿಯನ್ನೂ ಒಟ್ಟಿಗೆ ಲೆಕ್ಕ ಹಾಕುವ ಮೂಲ ಕಂಪ್ಯೂಟರ್ ಮಾಡೆಲ್ ಅಮೆರಿಕದ್ದು. 2012ರಲ್ಲಿ ಕೇಂದ್ರ ಸರ್ಕಾರದ ಮಾನ್ಸೂನ್ ಮಿಷನ್ ಯೋಜನೆ ಶುರುವಾದ ಮೇಲೆ ಪುಣೆಯಲ್ಲೇ ಇರುವ ನಮ್ಮ ಪಾಷಾಣ್‌ನ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರು ಅಲ್ಲಿನವರ ಜೊತೆ ಸೇರಿ ಅದನ್ನು ನಮ್ಮ ಮಳೆಗೆ ಹೊಂದಿಸುತ್ತಾ ಬಂದಿದ್ದಾರೆ. ಶುರುವಿನ ಅಂಕಿಗಳನ್ನು ಚೂರು ಚೂರು ಬದಲಿಸಿ ಹಲವು ಸಲ ಓಡಿಸುತ್ತಾರೆ, ಬಹಳಷ್ಟು ಲೆಕ್ಕ ಒಂದೇ ಕಡೆ ವಾಲಿದರೆ ಭರವಸೆ ಜಾಸ್ತಿ. ಓಣಿಯ ನಾಲ್ಕು ಅಜ್ಜಿಯರನ್ನು ಬೇರೆ ಬೇರೆ ಕೇಳಿದ ಹಾಗೆ.

ಕೊರತೆ ಇಲ್ಲ ಅಂತಲ್ಲ. ಮೊದಲೆರಡು ವಾರ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ, ಮೂರು ನಾಲ್ಕನೇ ವಾರವನ್ನು ನಾನು ಬರೀ ಕುತೂಹಲಕ್ಕೆ ನೋಡುತ್ತೇನೆ. ಇನ್ನೊಂದು, ಏಪ್ರಿಲ್‌ನಲ್ಲಿ ‘ವಾಡಿಕೆಗಿಂತ ಜಾಸ್ತಿ’ ಅಂತ ಕಂಡರೆ ಹೆದರಬೇಡಿ. ಪುಣೆಯಲ್ಲಿ ಆಗ ವಾಡಿಕೆ ಮಳೆಯೇ ಅಷ್ಟಕ್ಕಷ್ಟೆ, ಒಂದು ಸಣ್ಣ ಮಳೆ ಬಂದರೂ ಜಾಸ್ತಿಯೇ ಆಗುತ್ತದೆ. ಹಾಗಂತ ಹಳೇ ಅಂದಾಜನ್ನೇ ನೆಚ್ಚಿಕೊಂಡು ಕೂರುವ ಕಾಲವೂ ಹೋಯಿತು. ಮುಂಬೈಗೆ ಜೂನ್ 11ಕ್ಕೆ ಬರಬೇಕಾದ ಮುಂಗಾರು 2025ರಲ್ಲಿ ಮೇ 26ಕ್ಕೇ ಬಂತು, ‘ಜೂನ್‌ವರೆಗೆ ಬಿಸಿಲಿಗೆ ಏನೂ ತೊಂದರೆ ಇಲ್ಲ’ ಅನ್ನುತ್ತಿದ್ದ ನಮ್ಮತ್ತೆ ಸುಮ್ಮನಾದರು.

ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಗುರುವಾರ ನಕ್ಷೆ ನೋಡಿ ಶಾಬಕ್ಕಿ ತರಿಸುತ್ತೇನೆ, ಹರಡುವ ದಿನ ಬೆಳಿಗ್ಗೆ ರಾಡಾರ್ ಚಿತ್ರ ಒಮ್ಮೆ ನೋಡಿಕೊಳ್ಳುತ್ತೇನೆ. ಮಳೆ ವಾರ ಅಂತ ಕಂಡರೆ ಶೇಂಗಾ ಚಟ್ನಿಪುಡಿ ಆರ್ಡರ್ ತೆಗೆದುಕೊಳ್ಳುತ್ತೇನೆ, ಅದಕ್ಕೆ ಬಿಸಿಲು ಬೇಡವಲ್ಲ.