ಲುಕ್ಕಾದ ಕೋಟೆಯೊಳಗೆ ಕಾರು ನುಗ್ಗಿಸಿದ ತಪ್ಪಿಗೆ

ಇಟಲಿಯಲ್ಲಿ ಕಾರು ಬಾಡಿಗೆಗೆ ಹಿಡಿಯುವ ಆಲೋಚನೆ ಯಾರಿಗಾದರೂ ಇದ್ದರೆ, ಬುಕ್ ಮಾಡುವ ಮೊದಲು ಇದನ್ನೊಮ್ಮೆ ಓದಿ. ಒಂದೇ ಊರಲ್ಲಿ, ಹದಿನೈದು ಗಂಟೆಯೊಳಗೆ, ಮೂರು ದಂಡ ಹಾಕಿಸಿಕೊಂಡವನು ಬರೆಯುತ್ತಿದ್ದೇನೆ. ಮಾಡಿದ ಅಪರಾಧ ಇಷ್ಟೇ: ಮಂಡಿ ನೋವಿನ ಅಮ್ಮನನ್ನು ನಡೆಸಬಾರದು ಅಂತ ಮನೆ ಬಾಗಿಲ ತನಕ ಕಾರು ತಂದೆ.

2023ರ ಮೇ ತಿಂಗಳು. ನಾನು, ನನ್ನ ಹೆಂಡತಿ, ಅಮ್ಮ. ಫ್ಲಾರೆನ್ಸ್ ಮುಗಿಸಿ ಲುಕ್ಕಾದಲ್ಲಿ ಒಂದು ಬಾಡಿಗೆ ಮನೆಯಲ್ಲಿ ಎರಡು ರಾತ್ರಿ ಇರೋಣ ಅಂತ ಹೊರಟೆವು. ಈ ಊರುಗಳಿರುವ ಟಸ್ಕನಿ ಪ್ರಾಂತ್ಯದಲ್ಲಿ ಕೋಟೆ ಇರುವ ಊರುಗಳು ಬೇಕಾದಷ್ಟಿವೆ, ಆದರೆ ಹೆಚ್ಚಿನವು ಗುಡ್ಡದ ಮೇಲೆ. ಲುಕ್ಕಾ ಸಪಾಟು ನೆಲದಲ್ಲಿದೆ, ಅಮ್ಮನಿಗೆ ಸುಲಭ ಅಂತ ಆರಿಸಿದ್ದು. ಅಲ್ಲಿಯವರೆಗೆ ಲೆಕ್ಕ ಸರಿಯಾಗಿಯೇ ಇತ್ತು. "ರೈಲಲ್ಲಿ ಹೋಗೋಣ ರೀ" ಅಂತ ಹೆಂಡತಿ ಎರಡು ಸಲ ಹೇಳಿದಳು. ಫ್ಲಾರೆನ್ಸ್‌ನಿಂದ ಒಂದೂವರೆ ಗಂಟೆಯೊಳಗೆ ರೈಲು ತಲುಪುತ್ತದೆ, ಪೀಸಾದಿಂದಾದರೆ ಅರ್ಧ ಗಂಟೆ. ಸ್ಟೇಷನ್ ಇರುವುದು ಕೋಟೆಗೋಡೆಯ ಹೊರಗೆ, ದಕ್ಷಿಣದ ಬಾಗಿಲಿಗೆ ನಾಲ್ಕು ಹೆಜ್ಜೆ. ಇದೆಲ್ಲ ನನಗೆ ಗೊತ್ತಿತ್ತು. ಆದರೂ "ಎರಡು ದೊಡ್ಡ ಸೂಟ್‌ಕೇಸು ಇದೆ, ಕಾರಾದರೆ ಮನೆ ಬಾಗಿಲಿಗೇ ಇಳೀಬಹುದು" ಅಂದೆ. ಆ ಒಂದು ಮಾತಿನ ಬೆಲೆ ಆಮೇಲೆ ಹೇಳುತ್ತೇನೆ.

ಭಾನುವಾರ ಸಂಜೆ ಕೋಟೆ ಹತ್ತಿರ ಬಂದೆವು. ಫೋನಿನ ಮ್ಯಾಪು "ಎಡಕ್ಕೆ ತಿರುಗಿ" ಅಂತು, ತಿರುಗಿದೆ. ನಾನು ಶ್ರೀರಂಗಪಟ್ಟಣದ ಕೋಟೆ ಬಾಗಿಲೊಳಗೆ ಆಟೋ, ಬೈಕು, ಟೆಂಪೋ ಎಲ್ಲ ಹಾರನ್ ಹೊಡಕೊಂಡು ನುಗ್ಗುವುದನ್ನು ನೋಡಿ ಬೆಳೆದವನು. ಹೆಬ್ಬಾಗಿಲು ಅಂದರೆ ಒಳಗೆ ಹೋಗೋಕೆ ಇರುವುದು ಅಂತಲೇ ನನ್ನ ತಿಳಿವಳಿಕೆ. ಒಳಗೆ ಸ್ವಲ್ಪ ದೂರ ಹೋದ ಮೇಲೆ ರಸ್ತೆ ಕಿರಿದಾಯಿತು. ಅಲ್ಲೊಂದು ಬೋರ್ಡಿತ್ತು: ಬಿಳಿ ದುಂಡು, ಸುತ್ತ ಕೆಂಪು ಅಂಚು, ಕೆಳಗೆ ಸಣ್ಣ ಅಕ್ಷರದಲ್ಲಿ ಇಟಾಲಿಯನ್‌ನಲ್ಲಿ ನಾಲ್ಕೈದು ಸಾಲು. ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಹೋಗುತ್ತಾ, ಅಕ್ಕಪಕ್ಕ ಸೈಕಲ್ಲುಗಳನ್ನು ತಪ್ಪಿಸುತ್ತಾ ಯಾರು ಓದುತ್ತಾರೆ? ಗೇಟಿಲ್ಲ, ಸರಪಳಿ ಇಲ್ಲ, ಪೊಲೀಸ್ ಇಲ್ಲ. ಮುಂದಿದ್ದ ಬೂದು ಬಣ್ಣದ ಕಾರು ಒಳಗೆ ಹೋಯಿತು. ಅದರ ಹಿಂದೆ ನಾನೂ ಹೋದೆ.

ಆ ಕಾರಿನವನು ಅಲ್ಲೇ ವಾಸ ಇರುವವನು, ಅವನಿಗೆ ಪರವಾನಗಿ ಇತ್ತು ಅನ್ನುವುದು ಹೊಳೆಯಲು ನನಗೆ ಎರಡು ತಿಂಗಳು ಬೇಕಾಯಿತು.

ಆ ದುಂಡು ಬೋರ್ಡಿನಾಚೆಯ ಪ್ರದೇಶಕ್ಕೆ ಇಟಲಿಯಲ್ಲಿ 'ಜೋನಾ ಎ ತ್ರಾಫಿಕೊ ಲಿಮಿತಾತೊ' ಅನ್ನುತ್ತಾರೆ, ಚಿಕ್ಕದಾಗಿ ಜೆಡ್‌ಟಿಎಲ್. ಹಳೇ ಊರಿನ ನಡುಭಾಗಕ್ಕೆ ಅನುಮತಿ ಇರುವ ವಾಹನಗಳಿಗೆ ಮಾತ್ರ ಪ್ರವೇಶ. ಕಾಯುವುದು ಕ್ಯಾಮೆರಾ. ನಂಬರ್ ಪ್ಲೇಟಿನ ಫೋಟೋ ತೆಗೆಯುತ್ತದೆ, ಪಟ್ಟಿಯಲ್ಲಿ ನಂಬರ್ ಇಲ್ಲದಿದ್ದರೆ ದಂಡ. ಬೀಪ್ ಅನ್ನುವುದಿಲ್ಲ, ಫ್ಲಾಶ್ ಹೊಡೆಯುವುದಿಲ್ಲ. ನಿಮಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಕೆಲವು ಊರುಗಳಲ್ಲಿ ಬೋರ್ಡಿನ ಜೊತೆ ಮಿನುಗುವ ಪ್ಯಾನೆಲ್ ಇರುತ್ತದೆ, ಅದರಲ್ಲಿ 'ವಾರ್ಕೊ ಅತ್ತೀವೊ' ಅಂತ ಬರುತ್ತದೆ. ವಾರ್ಕೊ ಅಂದರೆ ಬಾಗಿಲು, ಅತ್ತೀವೊ ಅಂದರೆ ಆಕ್ಟಿವ್. ಬಾಗಿಲು ಆಕ್ಟಿವ್ ಆಗಿದೆ, ಹೋಗಬಹುದು ಅಂತ ನಮ್ಮಂಥವರು ಅರ್ಥ ಮಾಡಿಕೊಳ್ಳುತ್ತೇವೆ. ಅರ್ಥ ಉಲ್ಟಾ. ಕ್ಯಾಮೆರಾ ಆಕ್ಟಿವ್ ಆಗಿದೆ, ಒಳಗೆ ಬಂದರೆ ಸಿಕ್ಕಿಬೀಳುತ್ತೀರಿ ಅಂತ. 'ನೋನ್ ಅತ್ತೀವೊ' ಅಂತಿದ್ದಾಗ ಮಾತ್ರ ಹೋಗಬಹುದು. ಇದೊಂದನ್ನು ಬಾಯಿಪಾಠ ಮಾಡಿಕೊಳ್ಳಿ.

ಲುಕ್ಕಾದಲ್ಲಿ ಇನ್ನೊಂದು ಗೊಂದಲ ಇದೆ. ಗೋಡೆಯ ಒಳಗಿನ ಊರೆಲ್ಲ ನಿಷಿದ್ಧ ಅಲ್ಲ. ಒಳಗೂ ಹಣ ಕೊಟ್ಟು ನಿಲ್ಲಿಸುವ ಜಾಗಗಳಿವೆ, ಅಲ್ಲಿಗೆ ಹೋಗುವ ರಸ್ತೆಗಳೂ ಇವೆ. ಹಾಗಾಗಿ ಕೋಟೆ ಬಾಗಿಲು ದಾಟಿದ ತಕ್ಷಣ ಏನೂ ಆಗದೆ, ಮುಂದಿನ ಗಲ್ಲಿಯಲ್ಲಿ ಆಗುತ್ತದೆ. ನಾನು ಆವತ್ತು ಸಂಜೆ ಒಂದು ಸಲ ಒಳಗೆ ಹೋಗಿ, ಮನೆ ಸಿಗದೆ ದಾರಿ ತಪ್ಪಿ ಹೊರಗೆ ಬಂದು, ಹನ್ನೊಂದು ನಿಮಿಷದ ಮೇಲೆ ಬೇರೆ ಗಲ್ಲಿಯಿಂದ ಮತ್ತೆ ಒಳಗೆ ಹೋದೆ. ಸಾಮಾನು ಇಳಿಸಿ ಕಾರನ್ನು ಹೊರಗೆ ನಿಲ್ಲಿಸಿ ಬಂದೆ. ಮಾರನೇ ಬೆಳಿಗ್ಗೆ ಅಮ್ಮನನ್ನು ಚರ್ಚಿಗೆ ಕರೆದುಕೊಂಡು ಹೋಗಲು ಕಾರು ತಂದೆ. ಲೆಕ್ಕ ಹಾಕಿ, ಮೂರು.

ಮನೆ ಬಾಡಿಗೆಗೆ ಕೊಟ್ಟವರು ಮೊದಲೇ ಮೆಸೇಜು ಕಳಿಸಿದ್ದರು: ಸಾಮಾನು ಇಳಿಸಲು ಹತ್ತಿರ ಬರಬಹುದು, ಆದರೆ ಬರುವ ಮೊದಲು ಕಾರಿನ ನಂಬರ್ ಕಳಿಸಿ ವಿಚಾರಿಸಿ ಅಂತ. ನಾನು 'ಬರಬಹುದು' ಅನ್ನುವ ತನಕ ಓದಿದ್ದೆ. ಕೆಲವು ಊರುಗಳಲ್ಲಿ ಹೋಟೆಲಿನವರು ಅತಿಥಿಗಳ ನಂಬರನ್ನು ಪಟ್ಟಿಗೆ ಸೇರಿಸಿಕೊಡುತ್ತಾರೆ, ಎಲ್ಲ ಮನೆಯವರಿಗೂ ಆ ಅವಕಾಶ ಇರುವುದಿಲ್ಲ. ಕೇಳದೆ ಹೋದರೆ ಯಾರೂ ಕಾಪಾಡುವುದಿಲ್ಲ.

ಇನ್ನು ಸೋಮವಾರದ ವಿಷಯ. ಇದಕ್ಕೆ ದಂಡ ಬೀಳಲಿಲ್ಲ, ಹೊಟ್ಟೆ ಉರಿದಿದ್ದು ಮಾತ್ರ ಹೆಚ್ಚು. ನಮಗೆ ಸಿಕ್ಕಿದ್ದ ಪೂರ್ತಿ ದಿನ ಅದೊಂದೇ, ಇಟಲಿಯ ಸರ್ಕಾರಿ ಮ್ಯೂಸಿಯಂಗಳು ಸಾಮಾನ್ಯವಾಗಿ ಮುಚ್ಚುವ ದಿನವೂ ಅದೇ. ಲುಕ್ಕಾದಲ್ಲಿ ರಾಷ್ಟ್ರೀಯ ಮ್ಯೂಸಿಯಂ ಎರಡಿವೆ. ಒಂದು ವಿಲ್ಲಾ ಗುಯಿನೀಜಿ. 1400ರಿಂದ 1430ರ ತನಕ ಊರನ್ನಾಳಿದ ಪಾವೊಲೊ ಗುಯಿನೀಜಿ 1413ರಲ್ಲಿ ಕಟ್ಟಲು ಶುರು ಮಾಡಿದ ಮನೆ. ರೋಮನ್ನರಿಗಿಂತ ಮುಂಚಿನ ಎತ್ರುಸ್ಕನ್ನರ ಕಾಲದಿಂದ ಹಿಡಿದು ಈ ಊರಿನದೇ ಕಲೆ ಅಲ್ಲಿದೆ. ಇನ್ನೊಂದು ಪಲಾತ್ಸೊ ಮಾನ್ಸಿ, ರೇಷ್ಮೆ ವ್ಯಾಪಾರದಲ್ಲಿ ದುಡ್ಡು ಮಾಡಿದ ಮನೆತನದ ಅರಮನೆ. ಅಲ್ಲಿ ರೇಷ್ಮೆ ಹೊದಿಸಿದ ಮದುವಣಗಿತ್ತಿ ಕೋಣೆ ಇದೆ ಅಂತ ಓದಿಕೊಂಡು ಬಂದವಳು ನನ್ನ ಹೆಂಡತಿ. ಮೈಸೂರಿನವಳು, ರೇಷ್ಮೆ ಅಂದರೆ ಅವಳಿಗೆ ಕೇಳಬೇಕೆ? ಮುಚ್ಚಿದ ಬಾಗಿಲ ಮುಂದೆ ನಿಂತು ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಒಂದು ವಾರ ಮೊದಲು ಬಂದಿದ್ದರೆ ಇನ್ನೊಂದು ಲಾಭವೂ ಇತ್ತು. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ಊರಿನ ಸಣ್ಣ ಮ್ಯೂಸಿಯಂಗಳದ್ದು ಒಂದೊಂದಕ್ಕೆ ಒಂದೊಂದು ನಿಯಮ: ಬೇಸಿಗೆಗೆ ಒಂದು ಸಮಯ, ಚಳಿಗಾಲಕ್ಕೆ ಇನ್ನೊಂದು, ಕೆಲವು ಕಡೆ ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುತ್ತಾರೆ. ಟಿಕೆಟ್ ಕೌಂಟರು ಮುಚ್ಚುವ ಹೊತ್ತಿಗಿಂತ ಮೊದಲೇ ನಿಲ್ಲುತ್ತದೆ. ಮ್ಯಾಪಿನಲ್ಲಿ ತೋರಿಸುವ ಸಮಯ ನಂಬಬೇಡಿ, ಮ್ಯೂಸಿಯಂನ ಸ್ವಂತ ಪುಟದಲ್ಲೇ ನೋಡಿ. ಮೊದಲು ಮ್ಯೂಸಿಯಂನ ರಜೆ ನೋಡಿಕೊಂಡು ಆಮೇಲೆ ಮನೆ ಬುಕ್ ಮಾಡಬೇಕು. ನಾನು ಮಾಡಿದ್ದು ಹಿಂದುಮುಂದು.

ಪೂರ್ತಿ ಬರಿಗೈಯಲ್ಲಿ ಬಂದೆವು ಅಂತ ಹೇಳಿದರೆ ಊರಿಗೆ ಅನ್ಯಾಯ. ಸಾನ್ ಮಾರ್ತೀನೊ ಕ್ಯಾಥೆಡ್ರಲ್ ತೆರೆದಿತ್ತು. ಅಲ್ಲಿ ಇಲಾರಿಯಾ ದೆಲ್ ಕರ‍್ರೆತ್ತೊಳ ಸಮಾಧಿ ಇದೆ. ಅದೇ ಪಾವೊಲೊ ಗುಯಿನೀಜಿಯ ಹೆಂಡತಿ, 1405ರಲ್ಲಿ ತೀರಿಕೊಂಡವಳು. ಯಾಕೊಪೊ ದೆಲ್ಲಾ ಕ್ವೆರ್ಚಾ ಅನ್ನುವ ಶಿಲ್ಪಿ ಅವಳನ್ನು ಅಮೃತಶಿಲೆಯಲ್ಲಿ ಮಲಗಿಸಿದ್ದಾನೆ, ಕಾಲ ಬಳಿ ಒಂದು ಪುಟ್ಟ ನಾಯಿ ತಲೆಯೆತ್ತಿ ಅವಳ ಮುಖವನ್ನೇ ನೋಡುತ್ತಿದೆ. ಅಮ್ಮ ಸುಮಾರು ಹೊತ್ತು ಅಲ್ಲೇ ನಿಂತಳು. "ಬಾಣಂತಿ ಸಾವು ಏನೋ?" ಅಂತ ಕೇಳಿದಳು. ಹೌದು, ಹೆರಿಗೆಯಲ್ಲೇ ಹೋಗಿದ್ದು. ನಾನು ಹೇಳಿರಲಿಲ್ಲ, ಅವಳಿಗೆ ಹೇಗೆ ಗೊತ್ತಾಯಿತೋ. ಒಪೆರಾ ಅನ್ನುವ ಸಂಗೀತ ನಾಟಕಗಳನ್ನು ರಚಿಸಿದ ಪುಚ್ಚೀನಿ ಹುಟ್ಟಿದ ಮನೆಯೂ ತೆರೆದಿತ್ತು. 1858ರ ಡಿಸೆಂಬರ್ 22ರಂದು ಅಲ್ಲಿ ಹುಟ್ಟಿದ್ದು. ತುರಾಂದೋತ್ ಒಪೆರಾ ರಚಿಸಿದ ಪಿಯಾನೊ ಅಲ್ಲಿದೆ. ಸಂಗೀತ ಗೊತ್ತಿಲ್ಲದವರಿಗೂ ಅರ್ಧ ಗಂಟೆ ಕಳೆಯಬಹುದು. ನೆತ್ತಿಯ ಮೇಲೆ ಮರ ಬೆಳೆದ ಗುಯಿನೀಜಿ ಗೋಪುರ ಹತ್ತಲು 230ರಷ್ಟು ಮೆಟ್ಟಿಲು, ಅಮ್ಮನ ಮಂಡಿಗೆ ಆಗದ ಮಾತು.

ಅವಳಿಗೆ ಖುಷಿ ಕೊಟ್ಟಿದ್ದು ಕೋಟೆಗೋಡೆ. 16ನೇ ಶತಮಾನದಲ್ಲಿ ಶುರುವಾಗಿ 17ನೇ ಶತಮಾನದ ನಡುವಿನಲ್ಲಿ ಮುಗಿದ ಗೋಡೆ, ಸುತ್ತಳತೆ 4 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಗೋಡೆ ಅಂದರೆ ನಮ್ಮ ಕಲ್ಪನೆಯ ಗೋಡೆ ಅಲ್ಲ, ಮೇಲೆ ಸಾಲುಮರದ ದೊಡ್ಡ ರಸ್ತೆಯೇ ಇದೆ. ಕೊತ್ತಲಗಳ ಮೇಲೆ ಹುಲ್ಲುಹಾಸು. ಸೈಕಲ್ ಬಾಡಿಗೆಗೆ ಕೊಡುವವರ ಹತ್ತಿರ ನಾಲ್ಕು ಚಕ್ರದ ಪೆಡಲ್ ಗಾಡಿ ಸಿಗುತ್ತದೆ. ಅಮ್ಮನನ್ನು ಕೂರಿಸಿಕೊಂಡು ನಾವಿಬ್ಬರು ತುಳಿದು ಇಡೀ ಊರು ಸುತ್ತಿದೆವು. ನಾನು ಅಮ್ಮನನ್ನು ಕೂರಿಸಿ ಓಡಿಸಿದ ಗಾಡಿಗಳಲ್ಲಿ ಆ ಊರಿನವರು ದಂಡ ಹಾಕದೇ ಬಿಟ್ಟಿದ್ದು ಅದೊಂದೇ.

ಈ ಗೋಡೆ ಶತ್ರುಗಳ ಮುತ್ತಿಗೆಯನ್ನು ಕಂಡೇ ಇಲ್ಲ. ತಡೆದಿದ್ದು ನೀರನ್ನು. 1812ರಲ್ಲಿ ಸೆರ್ಕಿಯೊ ನದಿ ಉಕ್ಕಿದಾಗ ಬಾಗಿಲುಗಳನ್ನು ಭದ್ರವಾಗಿ ಮುಚ್ಚಿ ಊರು ಉಳಿಸಿಕೊಂಡರು. ಆಗ ಊರನ್ನಾಳುತ್ತಿದ್ದ ಎಲೀಸಾ, ನೆಪೋಲಿಯನ್‌ನ ಸ್ವಂತ ತಂಗಿ, ಹೊರಗೆ ಉಳಿದುಬಿಟ್ಟಳಂತೆ. ಅವಳಿಗಾಗಿಯೂ ಬಾಗಿಲು ತೆಗೆಯದೆ ಕ್ರೇನ್ ಕಟ್ಟಿ ಗೋಡೆ ದಾಟಿಸಿದರು ಅಂತ ಕತೆ ಹೇಳುತ್ತಾರೆ. ಆ ಕಾಲದ ಪದ್ಧತಿ ಎಷ್ಟೋ ವಾಸಿ. ಬರಬಾರದು ಅಂದರೆ ಬಾಗಿಲು ಹಾಕಿರುತ್ತಿದ್ದರು.

ಸಸ್ಯಾಹಾರಿಗಳಿಗೆ ಒಂದು ಮಾತು, ನಡುವೆ ನೆನಪಾಯಿತು. ಫಾರೊ ಅನ್ನುವ ಗೋಧಿ ಜಾತಿಯ ಧಾನ್ಯದ ಸೂಪು ಅಲ್ಲಿ ಪ್ರಸಿದ್ಧ, ಆದರೆ ಎಷ್ಟೋ ಕಡೆ ಅದಕ್ಕೆ ಹಂದಿ ಕೊಬ್ಬು ಹಾಕುತ್ತಾರೆ. ಕೇಳಿ ತಿನ್ನಿ. ಚೆಚೀನಾ ಅಂತ ಕಡಲೆ ಹಿಟ್ಟಿನ ದೋಸೆಯಂಥದ್ದು ಸಿಗುತ್ತದೆ, ನಮ್ಮನ್ನು ಬದುಕಿಸಿದ್ದು ಅದು.

ಈಗ ದುಡ್ಡಿನ ಕತೆ. ಜುಲೈನಲ್ಲಿ ಬ್ಯಾಂಕಿನಿಂದ ಮೆಸೇಜು ಬಂತು: ಕಾರು ಬಾಡಿಗೆ ಕಂಪನಿಯವರು ಕ್ರೆಡಿಟ್ ಕಾರ್ಡಿನಿಂದ 45 ಯೂರೋ ಎಳೆದಿದ್ದಾರೆ. ಮಾರನೇ ದಿನ ಇನ್ನೊಂದು 45, ವಾರ ಬಿಟ್ಟು ಮತ್ತೊಂದು. ಕೇಳಿದ್ದಕ್ಕೆ ಟ್ರಾಫಿಕ್ ದಂಡದ ವಿಷಯ ಅಂದರು. ಸರಿ, ದಂಡ ಕಟ್ಟಿಸಿಕೊಂಡರು, ಮುಗೀತು ಅಂದುಕೊಂಡೆ. ದಯವಿಟ್ಟು ಇಲ್ಲಿ ನಿಂತು ಓದಿ, ಬಹಳ ಜನ ಎಡವುವುದು ಇಲ್ಲೇ. ಅದು ದಂಡ ಅಲ್ಲ. ಆ ದಿನ ಕಾರು ಯಾರ ಕೈಯಲ್ಲಿತ್ತು ಅಂತ ಪೊಲೀಸರಿಗೆ ನನ್ನ ಹೆಸರು, ವಿಳಾಸ ಕೊಟ್ಟಿದ್ದಕ್ಕೆ ಕಂಪನಿ ತೆಗೆದುಕೊಂಡ ಫೀಸು. ಬಾಡಿಗೆ ಕರಾರಿನ ಸಣ್ಣ ಅಕ್ಷರದಲ್ಲಿ ಅದಿತ್ತು, ಸಹಿ ಹಾಕಿದ್ದೂ ನಾನೇ.

ನಿಜವಾದ ದಂಡ ಡಿಸೆಂಬರ್‌ನಲ್ಲಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಮೈಸೂರಿಗೆ ಬಂತು. ನಾನು ಊರಲ್ಲಿರಲಿಲ್ಲ. ಅಮ್ಮ ಸಹಿ ಹಾಕಿ ತೆಗೆದುಕೊಂಡು, ಏನೋ ವಿದೇಶದ ಜಾಹೀರಾತು ಅಂತ ಟಿವಿ ಮೇಲಿಟ್ಟಳು. ನಾನು ತೆರೆದಿದ್ದು ಒಂಬತ್ತನೇ ದಿನ. 83 ಯೂರೋ, ಜೊತೆಗೆ ನೋಟಿಸು ಕಳಿಸಿದ ಖರ್ಚು. ತಲುಪಿದ ಐದು ದಿನದೊಳಗೆ ಕಟ್ಟಿದರೆ ದಂಡದಲ್ಲಿ ಶೇಕಡ 30 ಕಡಿತ ಅಂತ ಅದರಲ್ಲೇ ಬರೆದಿತ್ತು. ಆ ಐದು ದಿನ ಟಿವಿ ಮೇಲೆ ಕಳೆದುಹೋಗಿತ್ತು. ಅರವತ್ತು ದಿನ ದಾಟಿದರೆ ಹೆಚ್ಚುಕಡಿಮೆ ದುಪ್ಪಟ್ಟು. ಉಳಿದೆರಡು ನೋಟಿಸು ಬಂದಾಗ ಅವತ್ತೇ ಕಟ್ಟಿದೆ. ವಿದೇಶದಲ್ಲಿರುವವರಿಗೆ ನೋಟಿಸು ಕಳಿಸಲು ಅವರಿಗೆ 360 ದಿನ ಕಾಲಾವಕಾಶ ಇದೆ, ಅದೂ ಓಡಿಸಿದವರು ಯಾರು ಅಂತ ಗೊತ್ತಾದ ಮೇಲೆ ಎಣಿಕೆ. ಹಾಗಾಗಿ ಆರು ತಿಂಗಳು ಏನೂ ಬಂದಿಲ್ಲ ಅಂತ ನಿಶ್ಚಿಂತೆಯಿಂದ ಇರಬೇಡಿ. ಬಾಡಿಗೆ ಕರಾರು, ಕಾರು ವಾಪಸು ಕೊಟ್ಟ ರಸೀದಿ ಎರಡನ್ನೂ ಒಂದೂವರೆ ವರ್ಷವಾದರೂ ಇಟ್ಟುಕೊಳ್ಳಿ.

ಒಟ್ಟು ಸೇರಿ 35 ಸಾವಿರ ರೂಪಾಯಿ ಹತ್ತಿರ. ಲುಕ್ಕಾದಲ್ಲಿ ಎರಡು ರಾತ್ರಿಗೆ ಕೊಟ್ಟ ಬಾಡಿಗೆ ಅಷ್ಟಿರಲಿಲ್ಲ.

ಹಳ್ಳಿಗಾಡು ಸುತ್ತಲು ಕಾರು ಬೇಕೇ ಬೇಕು ಅನ್ನುವವರು ಹಿಡಿಯಿರಿ, ಬೇಡ ಅನ್ನುವುದಿಲ್ಲ. ಹೊರಡುವ ಮೊದಲು ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ, ನಮ್ಮ ಲೈಸೆನ್ಸ್ ಒಂದೇ ಅಲ್ಲಿ ಸಾಲದು. ಕೋಟೆ ಊರು ಬಂದರೆ ಗೋಡೆಯ ಹೊರಗೇ ನಿಲ್ಲಿಸಿ. ಪಾರ್ಕಿಂಗ್ ಜಾಗಕ್ಕೆ ಬಿಳಿ ಗೆರೆ ಇದ್ದರೆ ಸಾಮಾನ್ಯವಾಗಿ ಉಚಿತ, ನೀಲಿಗೆ ದುಡ್ಡು, ಹಳದಿ ನಮಗಲ್ಲ. ವಯಸ್ಸಾದವರಿದ್ದರೆ ಹೊರಗಿನಿಂದ ಟ್ಯಾಕ್ಸಿ ಮಾಡಿ, ಅವರಿಗೆ ಒಳಗೆ ಹೋಗಲು ಅನುಮತಿ ಇರುತ್ತದೆ. ಸ್ಟೇಷನ್ನಿನಿಂದ ನಮ್ಮ ಮನೆ ತನಕ ಟ್ಯಾಕ್ಸಿಗೆ ಹತ್ತು ಹದಿನೈದು ಯೂರೋ ಆಗುತ್ತಿತ್ತೇನೋ.

ಮೂರನೇ ದಂಡ ಕಟ್ಟಿದ ರಾತ್ರಿ ಅಮ್ಮನಿಗೆ ಎಲ್ಲ ವಿವರಿಸಿದೆ. "ಸೋಮವಾರ ಬೆಳಿಗ್ಗೆ ಯಾಕೋ ಕಾರು ತಂದೆ? ಆ ಚರ್ಚು ಎರಡು ಬೀದಿ ಆಚೆ ಇತ್ತಲ್ಲ, ನಾನೇನು ನಡೆಯೋಕಾಗಲ್ಲ ಅಂದಿದ್ನಾ?" ಅಂದಳು. ಅಂದಿರಲಿಲ್ಲ.