ಮಂಟಪದ ಕಥೆಗೆ ಯಾವ ಲೈಟಿಂಗ್ ಬೋರ್ಡ್: 192 ಚಾನೆಲ್, ಕ್ಯೂಎಲ್‌ಸಿ ಪ್ಲಸ್, ಈಯೋಸ್

ಹೊಗೆಯ ನಡುವೆ ಮಹಿಷಾಸುರ ಏಳಬೇಕು, ಸಿಡಿಲು ಹೊಡೆಯಬೇಕು, ಪೂರ್ತಿ ಕತ್ತಲಾಗಬೇಕು, ಆಮೇಲೆ ದೇವಿಯ ಮೇಲೆ ನಿಧಾನಕ್ಕೆ ಬೆಳಕು. ಮಡಿಕೇರಿ ದಸರಾ ಮಂಟಪದಂಥ ಈ ನಾಲ್ಕೇ ಕ್ಯೂಗಳನ್ನು (ಬೆಳಕು ಬದಲಾಗುವ ಹಂತಗಳನ್ನು) ಲೈಟು ನಿಯಂತ್ರಿಸುವ ಈ ಮೂರು ಸಾಧನಗಳಲ್ಲೂ ಹಾಕಿ ನೋಡಿದ್ದೇವೆ. ಮೊದಲ ಸಲ ಪ್ರೋಗ್ರಾಂ ಮಾಡುವಾಗ ಹೆಚ್ಚು ವ್ಯತ್ಯಾಸ ಕಾಣದು. ಕಮಿಟಿಯವರು ಬಂದು “ಸಿಡಿಲಾದ ಮೇಲೆ ಒಂದು ಕೆಂಪು ಬರಲಿ” ಅಂದಾಗ ಬಣ್ಣ ಬಯಲಾಗುತ್ತದೆ.

192 ಚಾನೆಲ್ ಬೋರ್ಡ್ ಅಗ್ಗ. 12 ಫಿಕ್ಸ್‌ಚರ್ (ಲೈಟ್), ಒಂದೊಂದಕ್ಕೆ 16 ಚಾನೆಲ್, ಅಂದರೆ ಬಣ್ಣ, ಪ್ರಖರತೆಯಂಥ ಒಂದೊಂದು ಗುಣಕ್ಕೆ ಒಂದೊಂದು ಹಿಡಿತ. ಪ್ರತಿ ಲೈಟಿನ ಅಡ್ರೆಸ್ (ಅದರ ಮೊದಲ ಚಾನೆಲ್‌ನ ಸಂಖ್ಯೆ) 1, 17, 33, 49 ಹೀಗೇ ಹೋಗಬೇಕು. 7 ಚಾನೆಲ್ ಪಾರ್ (ತಿರುಗದ ಸಾದಾ ಬಣ್ಣದ ಲೈಟ್) ಕೂಡ 16ರ ಜಾಗ ತಿನ್ನುವುದರಿಂದ, ಒಟ್ಟಿಗೆ ಬೆಳಗುವ ಪಾರ್‌ಗಳಿಗೆ ಒಂದೇ ಅಡ್ರೆಸ್ ಕೊಡುವುದು ಜಾಣತನ. 240 ಸೀನ್ ಹಿಡಿಸುತ್ತದೆ, ಅದು ಧಾರಾಳ. ತೊಂದರೆ ಇರುವುದು ಚೇಸ್‌ನಲ್ಲಿ, ಅಂದರೆ ಒಂದರ ಹಿಂದೊಂದು ಓಡುವ ಸೀನ್‌ಗಳ ಸಾಲಿನಲ್ಲಿ: ಇಡೀ ಚೇಸ್‌ಗೆ ಒಂದೇ ವೇಗ, ಒಂದೇ ಫೇಡ್ (ಬೆಳಕು ನಿಧಾನಕ್ಕೆ ಬದಲಾಗುವ ಸಮಯ). ಸಿಡಿಲಿಗೆ 0, ದೇವಿಗೆ 6 ಸೆಕೆಂಡ್ ಬೇಕಾದರೆ ಆಪರೇಟರ್ ಪ್ರತಿ ಸಲ ಸ್ಲೈಡರ್ ಎಳೆಯುತ್ತ ನಿಲ್ಲಬೇಕು. ಜನರೇಟರ್ ಒಂದು ಕ್ಷಣ ಕೈಕೊಟ್ಟರೂ ಬೋರ್ಡ್ ಮತ್ತೆ ಆನ್ ಆಗುವುದು ಬ್ಲ್ಯಾಕೌಟ್‌ನಲ್ಲಿ, ಆ ಬಟನ್ ಒತ್ತುವ ತನಕ ಮಂಟಪ ಕತ್ತಲೇ. ಮದುವೆ ಸ್ಟೇಜಿಗೆ ಸಾಕು, ಕಥೆಗೆ ಬೇಡ.

ಕ್ಯೂಎಲ್‌ಸಿ ಪ್ಲಸ್ ಉಚಿತ ಸಾಫ್ಟ್‌ವೇರ್, ಲ್ಯಾಪ್‌ಟಾಪ್‌ನಲ್ಲಿ ಓಡುವುದರಿಂದ ಬ್ಯಾಟರಿಯೇ ಯುಪಿಎಸ್. ಸೀನ್‌ಗಳನ್ನು ಮಾಡಿ ಚೇಸರ್‌ಗೆ ಸೇರಿಸಿ, ಚೇಸರ್ ಅನ್ನು ವರ್ಚುವಲ್ ಕನ್ಸೋಲ್‌ನ (ಪರದೆಯ ಮೇಲಿನ ಬಟನ್ ಫಲಕದ) ಕ್ಯೂ ಲಿಸ್ಟ್‌ಗೆ ಹಾಕಿದರೆ ಮುಗಿಯಿತು. ಹೊಸ ಕೆಂಪನ್ನು ನಡುವೆ ಎಳೆದು ಕೂರಿಸಬಹುದು. ಆದರೆ ಚೇಸರ್‌ನಲ್ಲಿ ಫೇಡ್ ಮತ್ತು ಡ್ಯೂರೇಷನ್ ಎರಡನ್ನೂ ‘ಪರ್ ಸ್ಟೆಪ್’ಗೆ ಬದಲಿಸಲೇಬೇಕು, ‘ಕಾಮನ್’ನಲ್ಲೇ ಬಿಟ್ಟರೆ ಒಂದರ ಸಮಯ ತಿದ್ದಿದಾಗ ಎಲ್ಲವೂ ತಿದ್ದಿಹೋಗುತ್ತವೆ. ಬಟನ್ ಒತ್ತುವ ತನಕ ಕಾಯಬೇಕಾದ ಹಂತಕ್ಕೆ ಹೋಲ್ಡ್ ಅನಂತ ಇಡಿ. ಮಂಟಪದ ಕಥೆ ಮೊದಲೇ ರೆಕಾರ್ಡ್ ಆದ ಧ್ವನಿಗೆ ನಡೆಯುತ್ತದಾದರೆ ಅದರ ಶೋ ಮ್ಯಾನೇಜರ್ ಎಂಬ ಟೈಮ್‌ಲೈನ್‌ನಲ್ಲಿ ಆಡಿಯೋ ಕೆಳಗೇ ಕ್ಯೂ ಜೋಡಿಸಬಹುದು. ನಮ್ಮ ಓಟು ಇದಕ್ಕೆ. ಲ್ಯಾಪ್‌ಟಾಪನ್ನು ಲೈಟ್‌ಗಳಿಗೆ ಜೋಡಿಸುವ ಯುಎಸ್‌ಬಿ ಡಾಂಗಲ್‌ನಲ್ಲಿ ಮಾತ್ರ ಜಿಪುಣತನ ಬೇಡ: ಅಗ್ಗದ್ದರಲ್ಲಿ ಡಿಎಂಎಕ್ಸ್ (ಲೈಟ್‌ಗಳಿಗೆ ಆದೇಶ ಒಯ್ಯುವ ಸಿಗ್ನಲ್) ಟೈಮಿಂಗ್ ಲ್ಯಾಪ್‌ಟಾಪ್‌ನದೇ ಜವಾಬ್ದಾರಿ, ಅದು ಬಿಜಿಯಾದರೆ ಮೂವಿಂಗ್ ಹೆಡ್ (ತಾನೇ ತಿರುಗುವ ಲೈಟ್) ಜರ್ಕ್ ಹೊಡೆಯುತ್ತದೆ. ಸ್ವಂತ ಪ್ರೊಸೆಸರ್ ಇರುವುದನ್ನೇ ಕೊಳ್ಳಿ.

ಜೀವಂತ ನಟರಿರುವ ನಾಟಕಕ್ಕೆ ರಂಗಭೂಮಿಯ ಲೈಟಿಂಗ್ ಕನ್ಸೋಲ್ ಈಯೋಸ್‌ಗೆ ಸಾಟಿ ಇಲ್ಲ. 2 ಮತ್ತು 3ನೇ ಕ್ಯೂಗಳ ನಡುವೆ ಹೊಸದು ಬೇಕೇ? ರೆಕಾರ್ಡ್ ಕ್ಯೂ 2.5, ಟೈಮ್ 3, ಎಂಟರ್. ಕತ್ತಲಲ್ಲೇ ಹೆಡ್ ತಿರುಗಿ ದೇವಿಯತ್ತ ಕಾದಿರುವಂತೆ ಆಟೋಮಾರ್ಕ್ ನೋಡಿಕೊಳ್ಳುತ್ತದೆ. ಕ್ಯೂಎಲ್‌ಸಿಯಲ್ಲಿ ಅದಕ್ಕೆಂದೇ ಒಂದು ಕತ್ತಲ ಹಂತ ಸೇರಿಸಬೇಕು. ಆಟೋಮಾರ್ಕ್‌ಗೆ ಷರತ್ತೊಂದೇ: ಹಿಂದಿನ ಕ್ಯೂನಲ್ಲಿ ಆ ಲೈಟಿನ ಇಂಟೆನ್ಸಿಟಿ (ಪ್ರಖರತೆ) ಸೊನ್ನೆ ಇರಬೇಕು. 2 ಪರ್ಸೆಂಟ್ ಉಳಿದಿದ್ದರೂ ಬೀಮ್ ಜನರ ಕಣ್ಣೆದುರೇ ಜಾರುತ್ತ ಹೋಗುತ್ತದೆ. ಹೊಸಬರನ್ನು ಕಾಡುವುದು ಟ್ರ್ಯಾಕಿಂಗ್. ಎರಡನೇ ಕ್ಯೂನಲ್ಲಿ ಹಾಕಿದ ಕೆಂಪು, ಮುಂದೆ ಬೇರೆ ಆದೇಶ ಸಿಗುವವರೆಗೂ ಹರಿಯುತ್ತದೆ. ಅಲ್ಲಿಗೇ ನಿಲ್ಲಬೇಕಾದರೆ ಕ್ಯೂ ಓನ್ಲಿ ಬಳಸಿ. ಹಿಂದಿನದು ಹರಿದು ಬರದಂತೆ ಪ್ರತಿ ದೃಶ್ಯದ ಮೊದಲ ಕ್ಯೂಗೆ ಬ್ಲಾಕ್ ಹಾಕಿಡಿ. ಈಯೋಸ್‌ನ ಕಂಪ್ಯೂಟರ್ ರೂಪವಾದ ನೋಮ್ಯಾಡ್ ಸಾಫ್ಟ್‌ವೇರ್‌ನಲ್ಲಿ ಮನೆಯಲ್ಲೇ ಕೂತು ಪ್ರೋಗ್ರಾಂ ಮಾಡಬಹುದು, ಆದರೆ ನಿಜವಾದ ಲೈಟ್‌ಗಳಿಗೆ ಔಟ್‌ಪುಟ್ ಕೊಡಲು ಯುಎಸ್‌ಬಿ ಕೀ ಕೊಳ್ಳಬೇಕು.

ಬೋರ್ಡ್ ಯಾವುದೇ ಇರಲಿ, ಒಂದು ಡಿಎಂಎಕ್ಸ್ ಲೈನ್‌ಗೆ 32 ಫಿಕ್ಸ್‌ಚರ್ ದಾಟಬೇಡಿ, ಕೊನೆಯದಕ್ಕೆ 120 ಓಮ್ ಟರ್ಮಿನೇಟರ್ (ಸಿಗ್ನಲ್ ಹಿಂದಿರುಗದಂತೆ ತಡೆಯುವ ಪ್ಲಗ್) ಚುಚ್ಚಿ. ಡಿಎಂಎಕ್ಸ್ ಕೇಬಲ್ ಬದಲು ಮೈಕ್ ಕೇಬಲ್ ಎಳೆದು ಲೈಟ್ ಮಿಣುಕಿದರೆ ಪ್ರೋಗ್ರಾಂ ತಡಕಾಡಿ ಪ್ರಯೋಜನವಿಲ್ಲ.