ಟಿವಿ ಬಿಲ್ ಅರ್ಧಕ್ಕೆ ಇಳಿಸುತ್ತೇವೆ ಎಂಬ ಕರೆ ಬಂದರೆ ಫೋನ್ ಇಟ್ಟುಬಿಡಿ

ನಿಮ್ಮ ಡಿಟಿಎಚ್ ಬಿಲ್ಲನ್ನು ಅರ್ಧಕ್ಕೆ ಇಳಿಸಿಕೊಡುತ್ತೇವೆ, ಆರು ತಿಂಗಳದ್ದನ್ನು ಮುಂಗಡವಾಗಿ ಕಟ್ಟಿದರೆ ಸಾಕು ಎಂದು ಯಾರಾದರೂ ಕರೆ ಮಾಡಿದರೆ ದಯವಿಟ್ಟು ಮಾತು ಬೆಳೆಸಬೇಡಿ. ನಾನು ಬೆಳೆಸಿದೆ. ಮೂರು ತಿಂಗಳ ಚಂದಾದಷ್ಟು ಹಣ ಕಳೆದುಕೊಂಡೆ, ಎರಡು ವಾರ ಮನೆಯಲ್ಲಿ ಟಿವಿ ಇರಲಿಲ್ಲ, ಯಾರದೋ ಕಳವಾದ ಕ್ರೆಡಿಟ್ ಕಾರ್ಡಿನ ವಿಚಾರದಲ್ಲಿ ನಾನು ಲಿಖಿತ ವಿವರಣೆ ಕೊಡಬೇಕಾಯಿತು. ಕಚೇರಿಯಲ್ಲಿ ಇದನ್ನು ಹೇಳಿಕೊಂಡಾಗ ಇನ್ನಿಬ್ಬರು, ‘ನಮಗೂ ಅಂಥದೇ ಕರೆ ಬಂದಿತ್ತು’ ಎಂದರು. ಅದಕ್ಕೇ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ಕರೆ ಬರುವ ನಾಲ್ಕು ದಿನ ಮೊದಲು ನಾನೇ ಕಂಪನಿಯ ಗ್ರಾಹಕ ಸೇವಾ ಕೇಂದ್ರಕ್ಕೆ ಫೋನ್ ಮಾಡಿದ್ದೆ. ಮೊದಲ ವರ್ಷ ಹೊಸ ಗ್ರಾಹಕರ ದರದಲ್ಲಿ ಚಂದಾ ಹಗುರವಾಗಿತ್ತು. ಹದಿಮೂರನೇ ತಿಂಗಳಿಗೆ ಆ ದರ ಮುಗಿದು ಬಿಲ್ ಒಮ್ಮೆಲೇ ಜಿಗಿಯಿತು. ಮನೆಯಲ್ಲಿ ಟಿವಿಯನ್ನು ನಿಜವಾಗಿ ನೋಡುವವರು ಅಮ್ಮ ಒಬ್ಬರೇ. ಅವರು ನೋಡುವುದು ಐದಾರು ಚಾನೆಲ್. ಇಷ್ಟಕ್ಕೆ ಇಷ್ಟೊಂದು ಕಟ್ಟಬೇಕೇ ಎಂದು ಕೇಳಲು ಫೋನ್ ಮಾಡಿದೆ. ಮುಕ್ಕಾಲು ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬರು ಸಿಕ್ಕಿ, ‘ಸಂಬಂಧಪಟ್ಟ ವಿಭಾಗದವರು ನಿಮಗೆ ಕರೆ ಮಾಡುತ್ತಾರೆ’ ಎಂದರು. ಆದ್ದರಿಂದ ಕರೆ ಬಂದಾಗ ನನಗೆ ಅನುಮಾನವೇ ಹುಟ್ಟಲಿಲ್ಲ. ನಾನು ಕಾಯುತ್ತಿದ್ದ ಕರೆಯೇ ಬಂದಿತು ಎಂದುಕೊಂಡೆ.

ಈಗ ಯೋಚಿಸಿದರೆ ಅದಕ್ಕೆ ಯಾವ ಪವಾಡವೂ ಬೇಕಿರಲಿಲ್ಲ. ಇವರು ಸಾವಿರಾರು ಸಂಖ್ಯೆಗಳಿಗೆ ಕರೆ ಮಾಡುತ್ತಾರೆ. ತಾರಸಿಯ ಮೇಲೆ ಡಿಶ್ ಇರುವ ಮನೆಗಳಿಗೆ ಲೆಕ್ಕವಿಲ್ಲ, ಬಿಲ್ ಹೆಚ್ಚಾಯಿತು ಎನ್ನದ ಮನೆಯೂ ಇಲ್ಲ. ಎಲ್ಲಿ ಕಲ್ಲು ಎಸೆದರೂ ಒಬ್ಬರಿಗೆ ತಾಗುತ್ತದೆ. ಮೊಬೈಲ್ ಪರದೆಯ ಮೇಲೆ ಕಂಪನಿಯ ಸಂಖ್ಯೆಯೇ ಕಾಣಿಸಿತಲ್ಲ ಎಂದು ತಮ್ಮ ಕೇಳಿದ. ಕರೆ ಮಾಡುವವರ ಸಂಖ್ಯೆಯನ್ನು ಬೇಕಾದಂತೆ ತೋರಿಸುವ ತಂತ್ರ ಬಹಳ ಹಳೆಯದು. ಪರದೆಯ ಮೇಲೆ ಮೂಡಿದ ಸಂಖ್ಯೆ ಯಾವುದಕ್ಕೂ ಸಾಕ್ಷಿಯಲ್ಲ.

ಮಾತನಾಡಿದವನು ತುಂಬ ವಿನಯವಂತ. ‘ಮೇಡಂ, ನೀವು ಬಹಳ ಕಾಲದ ಗ್ರಾಹಕರು, ನಿಮಗೆ ವಿಶೇಷ ರಿಯಾಯಿತಿ ಮಂಜೂರಾಗಿದೆ’ ಎಂದ. ನನ್ನ ಹೆಸರು, ಪ್ಯಾಕೇಜು ಎಲ್ಲವೂ ಅವನಿಗೆ ಗೊತ್ತಿತ್ತು ಎಂದೇ ಆ ದಿನ ನಂಬಿದ್ದೆ. ಆಮೇಲೆ ನಿಧಾನವಾಗಿ ಕುಳಿತು ನೆನಪಿಸಿಕೊಂಡಾಗ ತಿಳಿಯಿತು, ಅವನು ಹೇಳಿದ್ದು ಹೆಸರೊಂದನ್ನೇ. ‘ಕ್ರೀಡಾ ಚಾನೆಲ್‌ಗಳಿರುವ ಪ್ಯಾಕ್ ಅಲ್ಲವೇ ಮೇಡಂ?’ ಎಂದು ಕೇಳಿದ, ಹೌದು ಎಂದೆ. ‘ಎರಡು ಬಾಕ್ಸ್ ಇವೆಯಲ್ಲ?’ ಎಂದ, ಹೌದು ಎಂದೆ. ತಿಂಗಳಿಗೆ ಎಷ್ಟು ಕಟ್ಟುತ್ತೇವೆ ಎಂಬುದನ್ನು ಅವನು ಕೇಳುವ ಮೊದಲೇ ದೂರಿನ ದನಿಯಲ್ಲಿ ನಾನೇ ಹೇಳಿದ್ದೆ.

‘ರಿಯಾಯಿತಿ ಸಿಗಬೇಕಾದರೆ ನಿಮ್ಮ ಮನೆಗೆ ಬರುವ ಸಿಗ್ನಲ್ ಅನ್ನು ಉಪಗ್ರಹದಿಂದಲೇ ಮೇಲ್ದರ್ಜೆಗೆ ಏರಿಸಬೇಕು’ ಎಂದು ಬಾಕ್ಸ್‌ನ ಹಿಂದಿನ ಸಂಖ್ಯೆ ಕೇಳಿದ. ಟಿವಿ ಸ್ಟ್ಯಾಂಡಿನ ಹಿಂದೆ ಕೈ ತೂರಿಸಿ, ಕೇಬಲ್ ಕಿತ್ತುಬಾರದಂತೆ ಬಾಕ್ಸನ್ನು ಅರ್ಧ ತಿರುಗಿಸಿ, ಧೂಳು ಒರೆಸಿ, ಮೊಬೈಲ್ ಟಾರ್ಚ್ ಹಿಡಿದು ಆ ಚೀಟಿಯ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದೆ. ಅಷ್ಟು ಶ್ರಮಪಟ್ಟು ಮಾಡುತ್ತಿರುವಾಗ ಅದು ಸುಳ್ಳಿರಬಹುದು ಎಂದು ಮನಸ್ಸಿಗೆ ಬರುವುದಿಲ್ಲ.

ಇದರ ಹಿಂದಿನ ವಿಷಯ ಗೊತ್ತಿದ್ದರೆ ಆ ಮಾತು ಹಸಿ ಸುಳ್ಳು ಎಂದು ಅಲ್ಲಿಯೇ ತಿಳಿಯುತ್ತಿತ್ತು. ಟಿವಿ ಉಪಗ್ರಹ ಸಮಭಾಜಕದ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗುವ ಲಯದಲ್ಲೇ ತಾನೂ ಸುತ್ತುತ್ತಿರುತ್ತದೆ. ಅದಕ್ಕೇ ನಮ್ಮ ಡಿಶ್ ಒಂದೇ ಕಡೆ ಮುಖ ಮಾಡಿ ನಿಂತಿರುತ್ತದೆ. ತನ್ನ ವ್ಯಾಪ್ತಿಯಲ್ಲಿರುವ ಎಲ್ಲ ಡಿಶ್‌ಗಳ ಮೇಲೂ ಅದು ಸುರಿಸುವುದು ಒಂದೇ ಸಿಗ್ನಲ್. ಇಂಥವರ ಮನೆಗೆ ಇಂಥ ದರ್ಜೆ ಎಂದು ಅದು ಬೇರೆ ಮಾಡುವುದಿಲ್ಲ. ಬೇರೆ ಆಗುವುದು ಅನುಮತಿ ಮಾತ್ರ: ಈ ಸಂಖ್ಯೆಯ ಬಾಕ್ಸ್ ಈ ಚಾನೆಲ್‌ಗಳ ಗೂಢಲಿಪಿಯನ್ನು ಬಿಡಿಸಬಹುದು ಎಂಬ ಆದೇಶವೂ ಅದೇ ಸಿಗ್ನಲ್‌ನಲ್ಲಿ ಸೇರಿ ಬರುತ್ತದೆ. ಆ ಆದೇಶ ಹೊರಡುವುದು ಕಂಪನಿಯಲ್ಲಿರುವ ನಮ್ಮ ಖಾತೆಯಿಂದ. ಅವನಿಗೆ ಬೇಕಿದ್ದದ್ದು ಆ ಖಾತೆ.

ಮುಂದಿನ ನಿಮಿಷದಲ್ಲೇ ಮೊಬೈಲ್‌ಗೆ ಆರು ಅಂಕಿಯ ಒಟಿಪಿ ಬಂತು. ‘ರಿಯಾಯಿತಿ ದೃಢೀಕರಣದ ಸಂಖ್ಯೆ ಬಂದಿರಬೇಕು, ಓದಿ ಮೇಡಂ’ ಎಂದ. ಓದಿದೆ. ಆ ಸಂದೇಶ ಇಂದಿಗೂ ನನ್ನ ಮೊಬೈಲ್‌ನಲ್ಲಿದೆ. ಅದರ ಮೊದಲ ಸಾಲಿನಲ್ಲೇ ಪಾಸ್‌ವರ್ಡ್ ಬದಲಾವಣೆಗೆ ಎಂದಿದೆ, ಎರಡನೆಯ ಸಾಲಿನಲ್ಲಿ ಯಾರೊಂದಿಗೂ ಹಂಚಿಕೊಳ್ಳಬೇಡಿ ಎಂದಿದೆ. ನನ್ನ ಕಣ್ಣು ಅಂಕಿಗಳನ್ನಷ್ಟೇ ಹುಡುಕಿತ್ತು.

ಇಲ್ಲಿಂದ ಮುಂದಿನದನ್ನು ದಯವಿಟ್ಟು ಗಮನವಿಟ್ಟು ಓದಿ. ಎಂಥ ಎಚ್ಚರದವರೂ ಬೀಳುವುದು ಇಲ್ಲಿಯೇ. ‘ನಮ್ಮನ್ನು ನಂಬಬೇಡಿ ಮೇಡಂ, ನೀವೇ ನಿಮ್ಮ ಖಾತೆ ತೆರೆದು ನೋಡಿ’ ಎಂದು ಹೊಸ ಪಾಸ್‌ವರ್ಡ್ ಹೇಳಿದ. ತೆರೆದೆ. ಕಂಪನಿಯ ಅಸಲಿ ಆ್ಯಪ್, ನನ್ನದೇ ಖಾತೆ. ಆರು ತಿಂಗಳ ಚಂದಾ ಪೂರ್ತಿ ಜಮೆಯಾಗಿತ್ತು! ‘ಪೂರ್ತಿ ಹಣವನ್ನು ನಮ್ಮ ಪ್ರಚಾರ ವಿಭಾಗ ಕಟ್ಟಿದೆ, ನೀವು ಅರ್ಧ ಹಿಂತಿರುಗಿಸಿದರೆ ಸಾಕು’ ಎಂದ. ಕಣ್ಣೆದುರೇ ಹಣ ಇರುವಾಗ ಹೇಗೆ ಅನುಮಾನಿಸುವುದು? ಆ ಹಣ ಬಂದದ್ದು ಕಳವು ಮಾಡಿದ ಕ್ರೆಡಿಟ್ ಕಾರ್ಡಿನಿಂದ. ಕಾರ್ಡಿನ ಒಡೆಯರು ಬ್ಯಾಂಕಿಗೆ ದೂರು ಕೊಟ್ಟ ದಿನ ಅದು ಹಿಂದಕ್ಕೆ ಹೋಗುತ್ತದೆ. ಅಷ್ಟರಲ್ಲಿ ನಮ್ಮ ಅರ್ಧ ಅವರ ಕೈ ಸೇರಿರುತ್ತದೆ.

ಆ ಅರ್ಧವನ್ನು ಅವನು ಕೇಳಿದ್ದು ಗಿಫ್ಟ್ ಕಾರ್ಡ್ ರೂಪದಲ್ಲಿ. ಯಾವುದೋ ಮಳಿಗೆಯ ಜೊತೆಗಿನ ಒಪ್ಪಂದದಿಂದಲೇ ಈ ರಿಯಾಯಿತಿ, ಆದ್ದರಿಂದ ಪಾವತಿಯೂ ಅವರ ಕಾರ್ಡಿನಲ್ಲೇ ಆಗಬೇಕು ಎಂದ. ‘ಫೋನ್ ಇಡಬೇಡಿ, ಇಟ್ಟರೆ ರಿಯಾಯಿತಿ ರದ್ದಾಗುತ್ತದೆ’ ಎಂದು ಅಂಗಡಿಯವರೆಗೂ ಕರೆಯಲ್ಲೇ ಹಿಡಿದಿಟ್ಟುಕೊಂಡ. ಯಾರನ್ನಾದರೂ ಒಂದು ಮಾತು ಕೇಳಲು ನನಗೆ ಬಿಡುವೇ ಸಿಗಬಾರದು ಎಂಬುದು ಅದರ ಉದ್ದೇಶ. ಅಂಗಡಿಯಲ್ಲಿ ಹಣ ತೆಗೆದುಕೊಳ್ಳುವ ಹುಡುಗಿ ಕಾರ್ಡ್‌ಗಳನ್ನು ಕೈಯಲ್ಲಿ ಹಿಡಿದು, ‘ಇಷ್ಟೊಂದು ಯಾರಿಗೆ ಮೇಡಂ?’ ಎಂದು ಕೇಳಿದಳು. ‘ಸಂಬಂಧಿಕರಿಗೆ’ ಎಂದೆ. ಹಾಗೆ ಹೇಳಿ ಎಂದು ಅವನೇ ಹೇಳಿಕೊಟ್ಟಿದ್ದ. ಆ ಒಂದು ಸುಳ್ಳಿನ ನೆನಪು ಹಣ ಹೋದದ್ದಕ್ಕಿಂತ ಹೆಚ್ಚು ಚುಚ್ಚುತ್ತದೆ. ನನ್ನನ್ನು ಉಳಿಸಲು ಅಷ್ಟು ಹತ್ತಿರ ಬಂದಿದ್ದವಳು ಅವಳೊಬ್ಬಳೇ. ಅಂಗಡಿಯ ಹೊರಗೆ ನಿಂತು ಉಗುರಿನಿಂದ ಬೆಳ್ಳಿಬಣ್ಣದ ಪಟ್ಟಿಯನ್ನು ಕೆರೆದೆ, ಒಂದೊಂದು ಕಾರ್ಡಿನ ಸಂಖ್ಯೆಯನ್ನೂ ಓದಿದೆ. ‘ಧನ್ಯವಾದಗಳು ಮೇಡಂ’ ಎಂದು ಕರೆ ಮುಗಿಯಿತು.

ಇಪ್ಪತ್ತು ದಿನ ಎಲ್ಲವೂ ಸರಿಯಾಗಿತ್ತು. ಬಿಲ್ ಇಳಿಸಿದೆ ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದೆ. ಒಂದು ಸಂಜೆ ಅಮ್ಮ ಕರೆದು, ‘ನನ್ನ ಚಾನೆಲ್ ಯಾವುದೂ ಬರುತ್ತಿಲ್ಲ’ ಎಂದರು. ಆಗ ಜೋರು ಮಳೆ. ಉಪಗ್ರಹ ಟಿವಿಗೆ ಬಳಸುವ ಕೆಯು ಬ್ಯಾಂಡ್ ತರಂಗಗಳನ್ನು ಭಾರಿ ಮಳೆ ಹೀರಿಕೊಳ್ಳುವುದರಿಂದ ಆಗಾಗ ಚಿತ್ರ ಹೋಗುವುದುಂಟು, ನಿಂತ ಮೇಲೆ ಬರುತ್ತದೆ ಎಂದು ಸಮಾಧಾನ ಹೇಳಿದೆ. ಮಳೆ ನಿಂತರೂ ಬರಲಿಲ್ಲ. ಹತ್ತಿರ ಹೋಗಿ ಓದಿದಾಗ ಪರದೆಯ ಮೇಲೆ ಇದ್ದದ್ದು ‘ಸಿಗ್ನಲ್ ಇಲ್ಲ’ ಎಂಬ ಮಾಮೂಲಿ ಸಂದೇಶವಲ್ಲ, ‘ಈ ಚಾನೆಲ್‌ಗೆ ನೀವು ಚಂದಾದಾರರಲ್ಲ’ ಎಂಬುದು.

ಹಳೆಯ ಬಿಲ್ ಹುಡುಕಿ, ಅದರ ಮೇಲೆ ಅಚ್ಚಾಗಿದ್ದ ಸಂಖ್ಯೆಗೆ ಫೋನ್ ಮಾಡಿದೆ. ‘ಮೇಡಂ, ಗಿಫ್ಟ್ ಕಾರ್ಡಿನಲ್ಲಿ ನಾವು ಹಣ ಪಡೆಯುವುದೇ ಇಲ್ಲ’ ಎಂದರು ಆ ಕಡೆಯವರು. ಆರು ತಿಂಗಳ ಪಾವತಿ ವಾಪಸಾಗಿತ್ತು. ಖಾತೆಯಲ್ಲಿ ನನ್ನ ಇಮೇಲ್ ಇದ್ದ ಜಾಗದಲ್ಲಿ ಬೇರೊಂದು ಇತ್ತು. ನಾನು ಕೇಳದ ಎರಡು ದುಬಾರಿ ಪ್ಯಾಕ್‌ಗಳು ಸೇರಿದ್ದವು. ಆ ಪ್ಯಾಕ್‌ಗಳ ಮೊತ್ತವನ್ನು ಕಂಪನಿ ಕೈಬಿಟ್ಟಿತು. ಗಿಫ್ಟ್ ಕಾರ್ಡ್‌ಗಳು ನಾನು ಸಂಖ್ಯೆ ಓದಿದ ದಿನವೇ ಖಾಲಿಯಾಗಿದ್ದವು. ಪೊಲೀಸರಿಗೆ ದೂರು ಕೊಟ್ಟು ಪ್ರತಿ ತೆಗೆದುಕೊಂಡೆ. ಅದಾದ ತಿಂಗಳಿಗೆ, ‘ವಂಚನೆಯಲ್ಲಿ ಹೋದ ನಿಮ್ಮ ಹಣವನ್ನು ವಾಪಸ್ ಕೊಡಿಸುತ್ತೇವೆ, ಸಣ್ಣ ಶುಲ್ಕ ಕಟ್ಟಿ’ ಎಂದು ಇನ್ನೊಂದು ಕರೆ ಬಂತು. ಒಮ್ಮೆ ಮೋಸ ಹೋದವರ ಹೆಸರುಗಳನ್ನು ಇವರು ಒಬ್ಬರಿಂದೊಬ್ಬರಿಗೆ ಮಾರುತ್ತಾರೆ. ಅದು ಮೊದಲನೆಯದರ ಬಾಲ ಎಂದು ತಿಳಿದುಕೊಳ್ಳಿ.

ಬಿಲ್ ಇಳಿಸುವ ಆಸೆ ತಪ್ಪಲ್ಲ, ಅದನ್ನು ಈಗಲೂ ಹೇಳುತ್ತೇನೆ. ಅದಕ್ಕೆ ಯಾರ ಕರೆಯೂ ಬೇಕಾಗಿಲ್ಲ ಎಂಬುದು ಆಮೇಲೆ ತಿಳಿಯಿತು. ಆ ಭಾನುವಾರ ನಾನೂ ತಮ್ಮನೂ ಬಿಲ್ಲಿನ ಎರಡೂ ಪುಟಗಳನ್ನು ಹರಡಿಕೊಂಡು ಪೆನ್ಸಿಲ್ ಹಿಡಿದು ಕುಳಿತೆವು. ಅಲ್ಲಿಯವರೆಗೆ ನಾನು ನೋಡುತ್ತಿದ್ದುದು ಕೊನೆಯ ಮೊತ್ತವನ್ನು ಮಾತ್ರ. ಒಳಕೋಣೆಯ ಎರಡನೇ ಬಾಕ್ಸ್‌ಗೆ ಪ್ರತಿ ತಿಂಗಳೂ ಬಾಡಿಗೆ ಬರುತ್ತಿತ್ತು. ಆ ಟಿವಿಗೆ ಯಾರೂ ಪ್ಲಗ್ ಹಾಕಿ ಒಂದು ವರ್ಷವಾಗಿರಬೇಕು. ಕಾರ್ಯಕ್ರಮ ರೆಕಾರ್ಡ್ ಮಾಡಿಟ್ಟುಕೊಳ್ಳುವ ಸೌಲಭ್ಯಕ್ಕೆ ಬೇರೆ ಶುಲ್ಕ, ಉಪಕರಣ ಕೆಟ್ಟರೆ ರಿಪೇರಿ ಎಂಬ ಯೋಜನೆಗೆ ಇನ್ನೊಂದು. ಸಿನಿಮಾ ಚಾನೆಲ್‌ಗಳ ಒಂದು ಗುಚ್ಛ ಮೂರು ತಿಂಗಳು ಉಚಿತ ಎಂದು ಸೇರಿದ್ದು, ನಾಲ್ಕನೇ ತಿಂಗಳಿಂದ ಸದ್ದಿಲ್ಲದೆ ಹಣ ಎಳೆಯುತ್ತಿತ್ತು. ಕ್ರೀಡಾ ಪ್ಯಾಕ್ ತಮ್ಮನಿಗೆ ಬೇಕಿದ್ದುದು ಪಂದ್ಯಾವಳಿ ನಡೆಯುವ ತಿಂಗಳುಗಳಲ್ಲಿ ಮಾತ್ರ. ಅಮ್ಮನನ್ನು ಕೂರಿಸಿಕೊಂಡು ಅವರು ನೋಡುವ ಚಾನೆಲ್‌ಗಳನ್ನು ಬರೆದುಕೊಂಡೆವು. ಎಲ್ಲವೂ ಎರಡು ಮೆಟ್ಟಿಲು ಕೆಳಗಿನ ಪ್ಯಾಕೇಜಿನಲ್ಲೇ ಇದ್ದವು.

ಇಷ್ಟನ್ನೂ ಕಂಪನಿಗೆ ನಾವೇ ಫೋನ್ ಮಾಡಿ ತೆಗೆಸಿದೆವು. ಅಲ್ಲಿಯೂ ಒಂದು ಕಡೆ ಕಾಲು ಜಾರುವುದರಲ್ಲಿತ್ತು. ಸಂಪರ್ಕ ಬಿಡುವ ಯೋಚನೆಯಿದೆ ಎಂದಾಗ ನಮ್ಮನ್ನು ಬೇರೆ ವಿಭಾಗಕ್ಕೆ ಕೊಟ್ಟರು. ಗ್ರಾಹಕರನ್ನು ಉಳಿಸಿಕೊಳ್ಳುವುದೇ ಅವರ ಕೆಲಸ, ರಿಯಾಯಿತಿ ಕೊಡುವ ಅಧಿಕಾರ ಇರುವುದೂ ಅವರಿಗೇ. ಒಂದು ಒಳ್ಳೆಯ ದರ ಹೇಳಿದರು. ‘ಇದನ್ನು ಒಪ್ಪಿದರೆ ನಮ್ಮ ಒಪ್ಪಂದದ ಅವಧಿ ಮತ್ತೆ ಮೊದಲಿನಿಂದ ಶುರುವಾಗುತ್ತದೆಯೇ?’ ಎಂದು ತಮ್ಮ ಕೇಳಿದ. ಸ್ವಲ್ಪ ಹೊತ್ತು ಮೌನ. ಆಮೇಲೆ ಹೌದು, ಇನ್ನೆರಡು ವರ್ಷ ಎಂದರು. ನಡುವೆ ಬಿಟ್ಟರೆ ಉಳಿದ ತಿಂಗಳುಗಳ ಲೆಕ್ಕದಲ್ಲಿ ದಂಡ. ನಾವು ಒಪ್ಪಲಿಲ್ಲ, ಅವಧಿ ಬದಲಾಗದ, ಸ್ವಲ್ಪ ಕಡಿಮೆ ರಿಯಾಯಿತಿಯನ್ನು ಪಡೆದೆವು. ಅದು ಯಾವ ದಿನ ಮುಗಿಯುತ್ತದೆ ಎಂಬುದನ್ನು ಇಮೇಲ್‌ನಲ್ಲಿ ತರಿಸಿಕೊಂಡೆವು. ಆ ತಾರೀಕು ಈಗ ಗೋಡೆಯ ಕ್ಯಾಲೆಂಡರಿನಲ್ಲಿದೆ. ಎರಡನೇ ಬಾಕ್ಸ್ ಹಿಂತಿರುಗಿಸಿದ್ದಕ್ಕೆ ರಸೀದಿಯನ್ನೂ ಪಡೆದೆವು, ನಾಳೆ ಬಾಕ್ಸ್ ಬಂದೇ ಇಲ್ಲ ಎಂದು ಅದರ ಬೆಲೆ ಹಾಕಿದರೆ ಕೈಯಲ್ಲಿ ಸಾಕ್ಷಿ ಇರಲಿ ಎಂದು. ಎಲ್ಲ ಸೇರಿ ಬಿಲ್ ಸುಮಾರು ಮೂರನೇ ಒಂದು ಭಾಗ ಇಳಿಯಿತು.

ಒಮ್ಮೆ ಹಣ ಕೊಟ್ಟರೆ ಎಲ್ಲ ಚಾನೆಲ್‌ಗಳೂ ಶಾಶ್ವತವಾಗಿ ಬರುತ್ತವೆ ಎಂಬ ಬಾಕ್ಸ್‌ಗಳ ಬಗ್ಗೆಯೂ ಪರಿಚಿತರೊಬ್ಬರು ಹೇಳಿದರು. ಅದೂ ಬೇಡ. ಚಾನೆಲ್‌ಗಳ ಗೂಢಲಿಪಿಯ ಕೀಲಿ ಕೆಲವೇ ಸೆಕೆಂಡುಗಳಿಗೊಮ್ಮೆ ಬದಲಾಗುತ್ತಿರುತ್ತದೆ. ಅಂಥ ಬಾಕ್ಸ್‌ಗಳು ಆ ಕೀಲಿಯನ್ನು ಇನ್ಯಾರೋ ಚಂದಾದಾರರ ಬಾಕ್ಸ್‌ನೊಳಗಿನ ಕಾರ್ಡಿನಿಂದ ಕದ್ದು ಇಂಟರ್ನೆಟ್ ಮೂಲಕ ತರಿಸಿಕೊಳ್ಳುತ್ತವೆ. ಅದು ಕಳ್ಳತನ, ಆ ಸರ್ವರ್ ಮುಚ್ಚಿದ ದಿನ ಬಾಕ್ಸ್ ಕಸಕ್ಕೆ. ಕಡಿಮೆ ನೋಡುವ ಮನೆಗಳಿಗೆ ನ್ಯಾಯವಾದ ದಾರಿಯೇ ಇದೆ: ಗೂಢಲಿಪಿಯಿಲ್ಲದೆ, ಚಂದಾ ಇಲ್ಲದೆ ಪ್ರಸಾರವಾಗುವ ಉಚಿತ ಚಾನೆಲ್‌ಗಳು. ಅವು ಬರುವ ಉಪಗ್ರಹದ ಕಡೆಗೆ ಡಿಶ್ ತಿರುಗಿಸಿ, ಸಾಮಾನ್ಯ ರಿಸೀವರ್ ಒಂದನ್ನು ಕೊಂಡರೆ ತಿಂಗಳ ಬಿಲ್ಲೇ ಇರುವುದಿಲ್ಲ. ಅಮ್ಮನ ಎರಡು ಚಾನೆಲ್ ಅಲ್ಲಿ ಇಲ್ಲದ್ದರಿಂದ ನಾವು ಹಾಗೆ ಮಾಡಲಿಲ್ಲ.

ಇದನ್ನು ಓದುತ್ತಿರುವ ಯಾರಾದರೂ ಇಂದೋ ನಿನ್ನೆಯೋ ಗಿಫ್ಟ್ ಕಾರ್ಡ್ ಸಂಖ್ಯೆ ಓದಿ ಹೇಳಿದ್ದರೆ, ನಾಚಿಕೆಪಟ್ಟು ಕುಳಿತುಕೊಳ್ಳಬೇಡಿ. ನಾನು ಇಪ್ಪತ್ತು ದಿನ ತಡ ಮಾಡಿದೆ. ಕಾರ್ಡಿನ ಹಿಂದೆ ಅಚ್ಚಾಗಿರುವ ಸಂಖ್ಯೆಗೆ ಈಗಲೇ ಫೋನ್ ಮಾಡಿ, ಅದರಲ್ಲಿ ಹಣ ಉಳಿದಿದ್ದರೆ ತಡೆಹಿಡಿಯಲು ಕೇಳಿ. ಆಮೇಲೆ ಟಿವಿ ಖಾತೆಯ ಪಾಸ್‌ವರ್ಡ್ ಬದಲಿಸಿ, ಅದರಲ್ಲಿರುವ ಇಮೇಲ್, ಮೊಬೈಲ್ ಸಂಖ್ಯೆ ನಿಮ್ಮದೇ ಎಂದು ನೋಡಿಕೊಳ್ಳಿ. ಖಾತೆಯಲ್ಲಿ ಜಮೆಯಾಗಿ ಕಾಣುತ್ತಿರುವ ಹಣ ನಿಮ್ಮದಲ್ಲ ಎಂದು ಕಂಪನಿಗೆ ನೀವಾಗಿಯೇ ತಿಳಿಸಿ. ಅದು ವಾಪಸಾದ ಮೇಲೆ ಹೇಳುವುದಕ್ಕಿಂತ ಮೊದಲೇ ಹೇಳಿದರೆ ನಿಮ್ಮ ಮಾತಿಗೆ ತೂಕವಿರುತ್ತದೆ. ಅಂಗಡಿಯ ರಸೀದಿಯನ್ನೂ ಪಟ್ಟಿ ಕೆರೆದ ಕಾರ್ಡ್‌ಗಳನ್ನೂ ಎಸೆಯಬೇಡಿ. ನನ್ನ ದೂರು ಬರೆದುಕೊಂಡ ಪೊಲೀಸ್ ಸಿಬ್ಬಂದಿ ಮೊದಲು ಕೇಳಿದ್ದೇ ಅವುಗಳನ್ನು.